ಹಿರಿಯರಿಗೊಂದು ನೆಲೆಯನ್ನರಸಿ: ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು

ಹುಬ್ಬಳ್ಳಿಯಿಂದ ದಾವಣಗೆರೆಯ ಕಡೆಗೆ ಹೊರಟ ರೈಲು ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಎಂಬ ಮೂರು ಊರುಗಳನ್ನು ಒಂದರ ಹಿಂದೊಂದಾಗಿ ದಾಟಿ ತುಂಗಭದ್ರೆಯ ಸೇತುವೆಗೆ ಬರುತ್ತದೆ. ಹೆದ್ದಾರಿಯೂ ಬಹುಮಟ್ಟಿಗೆ ಇದೇ ಜಾಡನ್ನು ಹಿಡಿದಿದೆ. ಬ್ಯಾಡಗಿಗೆ ಹೋಗುವವರು ಮಾತ್ರ ಮೋಟೆಬೆನ್ನೂರಿನಲ್ಲಿ ಹೊರಳಿಕೊಳ್ಳಬೇಕು. ಈ ಸೀಮೆಯನ್ನು ಕುರಿತು ಬರೆಯುವವರು ಹಾವೇರಿಯ ಪುರಸಿದ್ಧೇಶ್ವರ ದೇಗುಲವನ್ನೋ, ಕಾಗಿನೆಲೆಯನ್ನೋ, ಹೊಳೆಯ ದಂಡೆಯ ಚೌಡಯ್ಯದಾನಪುರದ ಮುಕ್ತೇಶ್ವರನನ್ನೋ, ರಾಣೆಬೆನ್ನೂರಿನ ಕೃಷ್ಣಮೃಗಗಳ ಕಾಡನ್ನೋ ವರ್ಣಿಸುವುದು ವಾಡಿಕೆ. ನಾವು ಈ ಸಲ ಈ ಮೂರೂ ಊರುಗಳನ್ನು ಸುತ್ತಿದ್ದು ಅವುಗಳ ದರ್ಶನಕ್ಕಾಗಿ ಅಲ್ಲ. ಎಂಬತ್ತೆರಡು ದಾಟಿದ ನಮ್ಮ ದೊಡ್ಡವ್ವನವರನ್ನು ಹಗಲಿರುಳು ನೋಡಿಕೊಳ್ಳಬಲ್ಲ ಒಂದು ಸ್ಥಳವನ್ನು ಹುಡುಕುವುದಕ್ಕಾಗಿ. ಇಂಥ ಹುಡುಕಾಟ ಇಂದು ಅನೇಕ ಮನೆಗಳಲ್ಲಿ ಸದ್ದಿಲ್ಲದೆ ನಡೆದಿದೆ. ಆದ್ದರಿಂದ ನಾವು ಕಂಡುದನ್ನು ಇಲ್ಲಿ ಅರಿಕೆ ಮಾಡಿಕೊಳ್ಳುತ್ತಿದ್ದೇವೆ.

ಮೊದಲು ಒಂದು ಮಾತು. ನಮ್ಮ ಊರುಗಳಲ್ಲಿ 'ನರ್ಸಿಂಗ್ ಹೋಂ' ಎಂಬ ಫಲಕ ಕಂಡರೆ ಅದು ಹೆರಿಗೆ, ಹೊಟ್ಟೆಯ ಶಸ್ತ್ರಚಿಕಿತ್ಸೆ, ಜ್ವರ, ಸಲಾಯಿನ್‌ಗಳ ಖಾಸಗಿ ದವಾಖಾನೆ ಎಂದು ತಿಳಿಯಬೇಕು. ಪರದೇಶದಲ್ಲಿರುವ ಮಕ್ಕಳು ದೂರವಾಣಿಯಲ್ಲಿ ಅದೇ ಹೆಸರನ್ನು ಹೇಳಿದಾಗ ಅವರ ಮನಸ್ಸಿನಲ್ಲಿರುವುದು ಬೇರೆಯದು. ವೃದ್ಧರು ತಿಂಗಳುಗಟ್ಟಲೆ, ವರ್ಷಗಟ್ಟಲೆ ಇದ್ದು ಶುಶ್ರೂಷೆ ಪಡೆಯುವ ಮನೆ ಅದು. ಈ ವ್ಯತ್ಯಾಸ ಬರಿಯ ಶಬ್ದದ್ದಲ್ಲ. ದವಾಖಾನೆಯಾದರೆ ಅದು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯ್ದೆಯಂತೆ ನೋಂದಣಿಯಾಗಿರಬೇಕು. ನೋಂದಣಿ ಪತ್ರವನ್ನೂ ದರಪಟ್ಟಿಯನ್ನೂ ಎಲ್ಲರಿಗೂ ಕಾಣುವಂತೆ ತೂಗುಹಾಕಿರಬೇಕು. ವೃದ್ಧಾಶ್ರಮದ ವಿಚಾರ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಗೆ ಸೇರಿದ್ದು. ಎರಡರ ನಡುವೆ ನಿಂತ ಮನೆಗಳೂ ಇವೆ: ನಾಲ್ಕು ಮಂಚ, ಒಬ್ಬ ದಾದಿ, ಬಾಗಿಲಿಗೆ 'ಆರೈಕೆ ಕೇಂದ್ರ' ಎಂಬ ಬಣ್ಣದ ಅಕ್ಷರ. ಆದ್ದರಿಂದ ಯಾವುದೇ ಮನೆಯ ಹೊಸ್ತಿಲು ತುಳಿದಾಗ ಮೊದಲು ಕೇಳಬೇಕಾದುದು ಇದು ಯಾವ ಇಲಾಖೆಯ ಲೆಕ್ಕದಲ್ಲಿದೆ ಎಂಬುದನ್ನು. ಈ ಪ್ರಶ್ನೆಗೆ ಮುಖ ಸಿಂಡರಿಸುವವರು ಮುಂದಿನ ಪ್ರಶ್ನೆಗಳಿಗೂ ಸಿಂಡರಿಸುವರೆಂಬುದು ನಮ್ಮ ಅನುಭವ.

ದೊಡ್ಡವ್ವನವರಿಗೆ ಮಕ್ಕಳಿಲ್ಲ. ದೊಡ್ಡಪ್ಪನವರು ಲಿಂಗೈಕ್ಯರಾದ ಮೇಲೆ ಬ್ಯಾಡಗಿ ತಾಲೂಕಿನ ಹಳ್ಳಿಯ ಮನೆಯಲ್ಲಿ ಒಬ್ಬರೇ ಇದ್ದರು. ಎರಡು ವರ್ಷಗಳ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಹುಬ್ಬಳ್ಳಿಯ ನಮ್ಮ ಮನೆಗೆ ಕರೆತಂದೆವು. ಅದು ಎರಡನೆಯ ಅಂತಸ್ತಿನ ಬಾಡಿಗೆ ಮನೆ. ಬೆಳಗಿನ ಒಂಬತ್ತರಿಂದ ಸಂಜೆಯ ಆರರವರೆಗೆ ಯಾರೂ ಇರುವುದಿಲ್ಲ. ಅವರ ಮಾತುಕತೆ ಗೋಡೆಯೊಂದಿಗೆ. ಇಂಥ ಮನೆಯನ್ನು ಮನೆಯೆಂದು ಕರೆದು, ಹತ್ತು ಜನ ಸಮವಯಸ್ಕರಿರುವ ಸ್ಥಳವನ್ನು ಅನಾಥಾಲಯವೆಂದು ಕರೆಯುವುದು ನಮ್ಮ ಸಮಾಜದಲ್ಲಿ ನಡೆದುಬಂದ ರೂಢಿ. 'ಜನ ಏನೆಂದಾರು' ಎಂಬ ಭಯ ನಮಗೂ ಇತ್ತು. ವಿಷಯವನ್ನು ಅವರ ಮುಂದಿಟ್ಟಾಗ ದೊಡ್ಡವ್ವನವರೇ ಅದನ್ನು ಹಗುರ ಮಾಡಿದರು: "ನನಗ ಲಿಂಗಪೂಜಿಗೆ ಒಂದು ಮೂಲಿ, ಕುಡ್ಯಾಕ ಬಿಸಿನೀರು. ಉಳಿದದ್ದು ನೀವ ನೋಡ್ರಪಾ. ಆದ್ರ ನಮ್ಮ ಕಡೀ ಊರಾಗ ನೋಡ್ರಿ, ಬೆಂಗಳೂರ ಮಾತ್ರ ಬ್ಯಾಡ."

ಹಾವೇರಿಯಿಂದ ತೊಡಗಿದೆವು. 1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ಜಿಲ್ಲಾ ಕೇಂದ್ರವಾದಂದಿನಿಂದ ಈ ಊರು ಕಚೇರಿಗಳ ಊರಾಗಿ ಬೆಳೆದಿದೆ. ಜಿಲ್ಲಾ ಆಸ್ಪತ್ರೆ, ಈಚಿನ ವರ್ಷಗಳಲ್ಲಿ ಬಂದ ವೈದ್ಯಕೀಯ ಕಾಲೇಜು, ಹುಕ್ಕೇರಿಮಠದ ಆಸರೆ ಎಲ್ಲ ಇಲ್ಲಿವೆ. 2023ರ ಜನವರಿಯಲ್ಲಿ ಇಲ್ಲಿ ಜರುಗಿದ ಸಾಹಿತ್ಯ ಸಮ್ಮೇಳನಕ್ಕೆ ಬಂದವರು ಏಲಕ್ಕಿ ಹಾರದ ಕಂಪನ್ನು ಇನ್ನೂ ನೆನೆಯುತ್ತಾರೆ. ನಾವು ನೋಡಿದ ಸಂಸ್ಥೆಯ ಕಟ್ಟಡವೂ ಹಾಗೆಯೇ ಕಂಗೊಳಿಸುತ್ತಿತ್ತು. ಮುಂದಿನ ಕೋಣೆಯಲ್ಲಿ ನುಣುಪು ನೆಲ, ಬಸವಣ್ಣನವರ ದೊಡ್ಡ ಭಾವಚಿತ್ರ, ದಾನಿಗಳ ಹೆಸರಿನ ಶಿಲಾಫಲಕ. ವ್ಯವಸ್ಥಾಪಕರು ನಮ್ಮನ್ನು ಕುರ್ಚಿಯಲ್ಲಿ ಕೂಡಿಸಿ ಚಹಾ ತರಿಸಿ ಅರ್ಧ ತಾಸು ಮಾತನಾಡಿದರು. ಮಾತೆಲ್ಲ ಕಟ್ಟಡದ ವಿಷಯ.

ಒಳಗೆ ಹೋದಾಗ ಮಧ್ಯಾಹ್ನ ಮೂರೂವರೆ. ಹದಿನಾಲ್ಕು ಮಂಚಗಳ ಮೇಲೆ ಹದಿನಾಲ್ಕು ಜನ ಮಲಗಿದ್ದರು. ಮಧ್ಯಾಹ್ನದ ನಿದ್ದೆ ತಪ್ಪಲ್ಲ. ಆದರೆ ಮೂರೂವರೆಗೆ ಹದಿನಾಲ್ಕು ಜನರೂ ಒಂದೇ ಸಮನೆ ನಿದ್ರಿಸುವುದು ಸಹಜವಲ್ಲ. ನಿದ್ರೆಯ ಗುಳಿಗೆ ಕೊಡುವಿರಾ ಎಂದು ಕೇಳಿದ್ದಕ್ಕೆ "ಡಾಕ್ಟರ್ ಬರಕೊಟ್ಟವರಿಗೆ ಮಾತ್ರರೀ" ಎಂಬ ಉತ್ತರ ಬಂತು. ಯಾರಿಗೆ ಯಾವುದನ್ನು ಬರೆದುಕೊಟ್ಟಿದ್ದಾರೆಂಬ ಪುಸ್ತಕವನ್ನು ಕೇಳಿದಾಗ ಅದು ಸಿಗಲಿಲ್ಲ. ನೀರಿನ ತಂಬಿಗೆಗಳು ಕೋಣೆಯ ಮೂಲೆಯ ಮೇಜಿನ ಮೇಲೆ ಸಾಲಾಗಿದ್ದವು, ಎದ್ದು ಹೋಗಲಾರದವರಿಗೆ ನಿಲುಕದಷ್ಟು ದೂರದಲ್ಲಿ. ಕಿಟಕಿಯ ಬಳಿಯ ಒಬ್ಬ ಅಜ್ಜಿಯ ಕೈಯನ್ನು ಹಳೆಯ ಸೀರೆಯ ಅಂಚಿನಿಂದ ಮಂಚದ ಸರಳಿಗೆ ಸಡಿಲಾಗಿ ಕಟ್ಟಿತ್ತು. "ಬೀಳಬಾರದಂತರೀ" ಎಂದರು. ಅಮೆರಿಕದಲ್ಲಿ ವೃದ್ಧರನ್ನು ಹೀಗೆ ಕಟ್ಟಿಹಾಕುವುದಕ್ಕೆ 1987ರ ಕಾನೂನು ಕಡಿವಾಣ ಹಾಕಿತು. 2008ರಿಂದ ಅಲ್ಲಿ ಇಂಥ ಮನೆಗಳಿಗೆ ಸರಕಾರವೇ ಒಂದರಿಂದ ಐದರವರೆಗೆ ನಕ್ಷತ್ರಗಳ ದರ್ಜೆ ಕೊಟ್ಟು ಎಲ್ಲರಿಗೂ ತಿಳಿಯುವಂತೆ ಪ್ರಕಟಿಸುತ್ತಿದೆ. ಹಾವೇರಿಯ ಆ ಕೋಣೆಯಲ್ಲಿ ನಕ್ಷತ್ರ ಕೊಡಬೇಕಾದವರು ನಾವೇ ಆಗಿದ್ದೆವು. ಚಹಾದ ಉಪಕಾರವನ್ನು ಸ್ಮರಿಸಿ ಎದ್ದು ಬಂದೆವು.

ಮರುದಿನ ಬ್ಯಾಡಗಿ. ಮೆಣಸಿನಕಾಯಿಯ ಈ ಪೇಟೆಯನ್ನು ಅರಿಯದವರಾರು? ಸುಕ್ಕುಗಟ್ಟಿದ ಕೆಂಪು ಕಾಯಿ, ಖಾರ ಕಡಿಮೆ, ಬಣ್ಣ ಅಪಾರ; 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಿಯ ಮನ್ನಣೆಯೂ ದೊರೆತಿದೆ. ಸೋಮವಾರ ಮತ್ತು ಗುರುವಾರಗಳಂದು ಮಾರುಕಟ್ಟೆ ಪ್ರಾಂಗಣದಲ್ಲಿ ಚೀಲಗಳ ಬೆಟ್ಟ. ನಾವು ಹೋದದ್ದು ಸುಗ್ಗಿಯ ಕಾಲದ ಒಂದು ಗುರುವಾರ. ಬಸ್ಸಿನಿಂದ ಇಳಿಯುತ್ತಲೇ ನಮ್ಮಲ್ಲೊಬ್ಬರು ಸೀನತೊಡಗಿದವರು ಸಂಜೆ ಬಸ್ಸು ಹತ್ತುವವರೆಗೂ ನಿಲ್ಲಿಸಲಿಲ್ಲ. ಖಾರ ಕಡಿಮೆಯೆಂಬ ಖ್ಯಾತಿ ನಾಲಿಗೆಗೆ ಸಂಬಂಧಿಸಿದ್ದು. ಮೂಗಿಗೆ ಆ ರಿಯಾಯಿತಿ ಇಲ್ಲ.

ಅಲ್ಲಿ ನಾವು ಕಂಡುದು ಒಂದು ಹಳೆಯ ಹಂಚಿನ ಮನೆ. ಸರಕಾರಿ ದವಾಖಾನೆಯಲ್ಲಿ ದಾದಿಯಾಗಿ ನಿವೃತ್ತರಾದ ತಾಯಿಯೊಬ್ಬರು, ಮಗಳು ಮತ್ತು ಇಬ್ಬರು ಕೆಲಸದವರೊಂದಿಗೆ ಆರು ಜನ ವೃದ್ಧೆಯರನ್ನು ನೋಡಿಕೊಳ್ಳುತ್ತಾರೆ. ಮುಂದಿನ ಕೋಣೆಯಲ್ಲಿ ಕುರ್ಚಿ ಸಹ ಇರಲಿಲ್ಲ. ಜಗುಲಿಯ ಮೇಲೆ ಮೂವರು ಅಜ್ಜಿಯರು ಅವರೆಕಾಯಿ ಸುಲಿಯುತ್ತ ಕುಳಿತಿದ್ದರು. ಆ ತಾಯಿ ಚಹಾಕ್ಕೂ ಮೊದಲು ನಮ್ಮನ್ನು ಕರೆದೊಯ್ದುದು ಬಚ್ಚಲಿಗೆ. ನೆಲ ಒಣಗಿತ್ತು, ಗೋಡೆಗೆ ಹಿಡಿಕೆ, ಕುಳಿತು ಸ್ನಾನ ಮಾಡಲು ಅಗಲವಾದ ಸ್ಟೂಲು, ಕಮೋಡಿನ ಪಕ್ಕದಲ್ಲಿ ಕರೆಗಂಟೆ. ಹಾಸಿಗೆ ಹಿಡಿದ ಒಬ್ಬರ ಹೊದಿಕೆ ಸರಿಸಿ ಹಿಮ್ಮಡಿಯನ್ನೂ ಬೆನ್ನ ಕೆಳಭಾಗವನ್ನೂ ತೋರಿಸಿದರು. ಎರಡೆರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿದ ಗುರುತು ಗೋಡೆಯ ಕಾಗದದಲ್ಲಿ ಇತ್ತು, ರಾತ್ರಿಯ ಹೊತ್ತಿನದೂ ಸೇರಿ. ಹಾಸಿಗೆ ಹುಣ್ಣು ಮೊದಲು ಏಳುವುದು ಆ ಎರಡು ಜಾಗಗಳಲ್ಲಿ. ಮನೆಯೊಂದರ ಗುಣವನ್ನು ಅರಿಯಲು ಶಿಲಾಫಲಕಕ್ಕಿಂತ ಹಿಮ್ಮಡಿ ಉತ್ತಮ ಸಾಕ್ಷಿಯೆಂದು ಅಂದು ನಮಗೆ ಮನವರಿಕೆಯಾಯಿತು. ಉಗುರು ಕತ್ತರಿಸಿದೆಯೇ, ತಲೆ ಬಾಚಿದೆಯೇ, ಕನ್ನಡಕದ ಗಾಜು ಒರೆಸಿದೆಯೇ, ಹಲ್ಲಿಲ್ಲದವರ ತಟ್ಟೆಯಲ್ಲಿ ರೊಟ್ಟಿ ಹಾಲಿನಲ್ಲಿ ನೆನೆದಿದೆಯೇ ಎಂಬಂಥ ಸಣ್ಣ ಸಂಗತಿಗಳೇ ಉಳಿದ ಸಾಕ್ಷಿಗಳು. ಪ್ರತಿ ತಿಂಗಳು ತೂಕ ಬರೆದಿಡುವ ಪದ್ಧತಿಯೂ ಅಲ್ಲಿತ್ತು. ಊಟ ಸೇರುತ್ತಿಲ್ಲವೆಂದು ಬಾಯಿಬಿಟ್ಟು ಹೇಳದ ಮುದುಕಿಯ ತೂಕ ಅದನ್ನು ಹೇಳಿಬಿಡುತ್ತದೆ.

ಇಷ್ಟೆಲ್ಲ ಇದ್ದರೂ ದೊಡ್ಡವ್ವನವರನ್ನು ಅಲ್ಲಿ ಇಡುವ ಮನಸ್ಸಾಗಲಿಲ್ಲ. ಅವರಿಗೆ ದಮ್ಮು ಇದೆ. ಚಳಿಗಾಲ ಹಿಡಿದು ಬೇಸಗೆಯವರೆಗೆ ಮೆಣಸಿನಕಾಯಿಯ ಆವಕ ಇರುವಷ್ಟು ದಿನ ಆ ಬೀದಿಯ ಗಾಳಿ ಅವರ ಎದೆಗೆ ಒಗ್ಗುವಂಥದಲ್ಲ. ನಾವು ಹೇಳುವ ಮೊದಲೇ ಆ ತಾಯಿ ಅದನ್ನು ಹೇಳಿದರು: "ದಮ್ಮಿದ್ದೋರನ್ನ ನಾ ಸುಗ್ಗ್ಯಾಗ ತೊಗೊಳ್ಳಂಗಿಲ್ಲರೀ. ನಿಮ್ಮ ರೊಕ್ಕ ಬರ್ತದ, ಅವರ ಉಸಿರು ಹೋಗ್ತದ." ಬಂದ ಗಿರಾಕಿಯನ್ನು ಹೀಗೆ ಹಿಂದಕ್ಕೆ ಕಳುಹಿಸಬಲ್ಲವರು ವಿರಳ. ದಮ್ಮಿಲ್ಲದ ಹಿರಿಯರಿರುವ ಎರಡು ಮನೆಗಳಿಗೆ ನಾವು ಆ ವಿಳಾಸವನ್ನು ಕೊಟ್ಟಿದ್ದೇವೆ.

ರಾಣೆಬೆನ್ನೂರು ಇವೆರಡಕ್ಕಿಂತ ಗದ್ದಲದ ಊರು. ಹತ್ತಿ, ಬೀಜ, ಲಾರಿ, ಹೆದ್ದಾರಿ. ಆದರೆ ವಯಸ್ಸಾದವರ ದೃಷ್ಟಿಯಿಂದ ಅದಕ್ಕೊಂದು ಅನುಕೂಲವಿದೆ: ಖಾಸಗಿ ದವಾಖಾನೆಗಳು ಸಾಕಷ್ಟಿವೆ, ಕೈಮೀರಿದರೆ ಹೊಳೆ ದಾಟಿ ದಾವಣಗೆರೆಯ ವೈದ್ಯಕೀಯ ಕಾಲೇಜುಗಳಿಗೆ ಹೋಗಬಹುದು. ಹುಬ್ಬಳ್ಳಿಯಿಂದ ನೇರ ರೈಲು, ನೇರ ಬಸ್ಸು. ವಾರಕ್ಕೊಮ್ಮೆ ಹೋಗಿಬರಲಾಗದ ಊರಿನಲ್ಲಿ ಎಷ್ಟೇ ಒಳ್ಳೆಯ ಮನೆಯಿದ್ದರೂ ಅದು ನಮ್ಮ ಪಾಲಿಗೆ ಒಳ್ಳೆಯದಲ್ಲವೆಂದು ಮೊದಲೇ ನಿಶ್ಚಯಿಸಿದ್ದೆವು. ಬಂಧುಗಳು ಬರುತ್ತಿರುವ ಹಿರಿಯರ ಕಡೆಗೆ ಸಿಬ್ಬಂದಿಯ ಕಣ್ಣು ಹೆಚ್ಚು ಹರಿಯುತ್ತದೆ. ಇದು ಕಹಿಯಾದರೂ ನಿಜ.

ಊರಾಚೆಯ ಹೊಸ ಬಡಾವಣೆಯ ಆ ಮನೆಗೆ ನಾವು ಮೂರು ಸಲ ಹೋದೆವು. ಮೊದಲನೆಯ ಸಲ ಹೇಳಿ ಹೋದದ್ದು, ಎರಡನೆಯ ಸಲ ಹೇಳದೆ ರಾತ್ರಿಯ ಊಟದ ವೇಳೆಗೆ. ಮೂರನೆಯ ಸಲ ಲಾಡ್ಜಿನಲ್ಲಿ ತಂಗಿದ್ದು ಬೆಳಗಿನ ಐದೂವರೆಗೆ ಬಾಗಿಲು ತಟ್ಟಿದೆವು. ಗೂರ್ಖನಿಗೆ ನಾವು ಕಳ್ಳರಂತೆ ತೋರಿದ್ದರೆ ಆಶ್ಚರ್ಯವಿಲ್ಲ. ಆ ಹೊತ್ತಿಗೆ ಒಳಗೆ ದೀಪ ಉರಿಯುತ್ತಿತ್ತು. ಇಬ್ಬರು ಆಯಾಗಳು ಎಚ್ಚರವಾಗಿದ್ದರು. ಒಬ್ಬಾಕೆ ಹಿರಿಯರೊಬ್ಬರ ಒದ್ದೆ ಬಟ್ಟೆ ಬದಲಿಸುತ್ತ, "ಏಳ್ರಿ ಯಜ್ಜಾ, ಇಷ್ಟ ಈ ಕಡೆ ಹೊಳ್ಳ್ರಿ, ಆತು ಆತು" ಎಂದು ರಮಿಸುತ್ತಿದ್ದಳು. ಯಾರೂ ನೋಡುತ್ತಿಲ್ಲವೆಂದು ಆಕೆ ತಿಳಿದಿದ್ದಳು. ಆ ದನಿಯಲ್ಲಿ ಬೇಸರವಿರಲಿಲ್ಲ. ಇಪ್ಪತ್ತು ಜನರಿಗೆ ರಾತ್ರಿ ಇಬ್ಬರೇ ಸಾಕೇ ಎಂದು ಕೇಳಿದೆವು. "ಸಾಲಂಗಿಲ್ಲರೀ, ಮೂರು ಮಂದಿ ಬೇಕು, ನಾವೂ ಕೇಳೇವಿ" ಎಂದು ನೇರವಾಗಿ ಹೇಳಿದಳು. ಕೊರತೆಯನ್ನು ಮುಚ್ಚಿಡದ ಮನೆ ಎಂಬ ಗೌರವ ಆಗ ಹುಟ್ಟಿತು. ಬೇಡಿಕೆಯನ್ನು ನಾವು ವ್ಯವಸ್ಥಾಪಕರ ಮುಂದೆಯೂ ಇಟ್ಟೆವು. ಮುಂದಿನ ತಿಂಗಳು ಮೂರನೆಯವಳು ಬಂದಿದ್ದಾಳೆ.

ಆದರೆ ಅಲ್ಲೊಂದು ಸಂಗತಿ ನಮ್ಮನ್ನು ಕಲಕಿತು. ಈ ಲೇಖನ ಬರೆಯಲು ನಿಜವಾಗಿ ಅದೇ ಪ್ರೇರಣೆ. ಕಚೇರಿಯ ಕಪಾಟಿನಲ್ಲಿ ಉಂಗುರ, ಬೆಂಡೋಲೆ, ಕೈಗಡಿಯಾರಗಳ ಪೊಟ್ಟಣಗಳ ನಡುವೆ ಎರಡು ಬೆಳ್ಳಿಯ ಕರಡಿಗೆಗಳಿದ್ದವು, ಶಿವದಾರ ಸಹಿತ, ಹೆಸರಿನ ಚೀಟಿ ಅಂಟಿಸಿ. ಒಳಗೆ ಇಷ್ಟಲಿಂಗಗಳಿದ್ದವು. ಕೇಳಿದರೆ, "ಬೆಳ್ಳಿದು ಐತಲ್ಲರೀ, ಕಳೀಬಾರದು ಅಂತ ಜೋಪಾನ ಇಟ್ಟೇವಿ" ಎಂದರು. ಅವರ ಉದ್ದೇಶ ಶುದ್ಧ. ಆದರೆ ಲಿಂಗವು ಅಂಗದಿಂದ ಅಗಲಬಾರದೆಂದು ಎಂಬತ್ತು ವರ್ಷ ನಡೆದುಕೊಂಡ ಜೀವಕ್ಕೆ ಅದು ಎಂಥ ಆಘಾತ! ಆ ಎರಡು ಕರಡಿಗೆಗಳ ಒಡತಿಯರಲ್ಲಿ ಒಬ್ಬರು ಮರೆವಿನ ಕಾಯಿಲೆಯವರು. ದಿನವಿಡೀ ಎದೆಯ ಮೇಲೆ ಕೈಯಾಡಿಸುತ್ತ ಏನನ್ನೋ ತಡಕಾಡುತ್ತಿರುತ್ತಾರೆಂದು ಆಯಾ ಹೇಳಿದಳು. ಏನನ್ನೆಂದು ಆಕೆಗೆ ತಿಳಿದಿರಲಿಲ್ಲ. ಆಕೆ ನಮ್ಮವಳಲ್ಲ, ತಿಳಿಯುವ ಬಗೆಯೂ ಇಲ್ಲ, ಹೇಳಬೇಕಾದವರು ಮನೆಯವರು. ಅಂದೇ ಆ ಎರಡೂ ಕುಟುಂಬಗಳಿಗೆ ದೂರವಾಣಿ ಮಾಡಿಸಿದೆವು. ಬೆಳ್ಳಿಯ ಕರಡಿಗೆಗಳು ಮನೆಗೆ ಹೋದವು, ಲಿಂಗಗಳು ಬಿಳಿಯ ಅರಿವೆಯಲ್ಲಿ ಕಟ್ಟಿಸಿಕೊಂಡು ಕೊರಳಿಗೆ ಮರಳಿದವು. ಅರಿವೆಯನ್ನು ಯಾರೂ ಕದಿಯುವುದಿಲ್ಲ.

ಆದ್ದರಿಂದ ನಮ್ಮ ಮನೆತನಗಳವರು ಸೇರಿಸುವ ದಿನವೇ ಬರಹದಲ್ಲಿ ತಿಳಿಸಬೇಕಾದ ಕೆಲವು ಮಾತುಗಳಿವೆ. ಬೆಳಿಗ್ಗೆ ಸ್ನಾನದ ನಂತರ ಪೂಜೆಗೆ ಕಾಲು ತಾಸು, ವಿಭೂತಿ, ಒಂದು ಬಟ್ಟಲು ನೀರು. ಪೂಜೆಗೆ ಮುನ್ನ ಪ್ರಸಾದ ಸ್ವೀಕರಿಸದ ನಿಯಮವಿದ್ದರೆ ಗುಳಿಗೆಯ ವೇಳೆಯನ್ನು ವೈದ್ಯರೊಡನೆ ಹೊಂದಿಸಿಕೊಳ್ಳುವುದು, ಅದರಲ್ಲೂ ಸಕ್ಕರೆ ಕಾಯಿಲೆಯವರಿಗೆ. ಶಸ್ತ್ರಚಿಕಿತ್ಸೆಗೋ ಕ್ಷ-ಕಿರಣ ತೆಗೆಯುವುದಕ್ಕೋ ಲಿಂಗವನ್ನು ಸರಿಸಬೇಕಾದರೆ ಅದನ್ನು ಯಾರ ಕೈಗೆ ಕೊಡಬೇಕೆಂಬುದು. ಇನ್ನೊಂದು ಮಾತನ್ನು ಬಾಯಿಬಿಟ್ಟು ಹೇಳಲು ಎಲ್ಲರೂ ಹಿಂಜರಿಯುತ್ತಾರೆ. ನಡುರಾತ್ರಿ ಉಸಿರು ನಿಂತರೆ ಯಾರಿಗೆ ಮೊದಲು ತಿಳಿಸಬೇಕು, ಯಾವ ಮಠದವರನ್ನು ಕರೆಯಬೇಕು, ದಹನವಲ್ಲ ಸಮಾಧಿ ಎಂಬುದನ್ನು ಬರೆದು ಕೊಟ್ಟಿರಬೇಕು. ಅರಿಯದ ಊರಿನಲ್ಲಿ ಆ ಹೊತ್ತಿಗೆ ವಿವೇಚನೆಗೆ ಅವಕಾಶವಿರುವುದಿಲ್ಲ. ದೊಡ್ಡವ್ವನವರ ಚೀಟಿಯನ್ನು ಅವರೇ ಹೇಳಿ ಬರೆಸಿದರು, ಯಾವ ಸೀರೆ ಎಂಬುದನ್ನು ಸಹ.

ಹಣದ ಮಾತು ಸಂಕ್ಷೇಪವಾಗಿ. ತಿಂಗಳ ಮೊತ್ತವೆಂದು ಹೇಳುವುದು ಊಟ ವಸತಿಗಳಿಗೆ ಮಾತ್ರವಾಗಿರಬಹುದು; ಔಷಧ, ಡೈಪರು, ವೈದ್ಯರ ಭೇಟಿ, ದವಾಖಾನೆಯಲ್ಲಿ ಜೊತೆಗಿರುವವರ ಕೂಲಿ ಬೇರೆ. ಮುಂಗಡ ಯಾವಾಗ, ಎಷ್ಟು ಮರಳುತ್ತದೆ ಎಂಬುದು ಕಾಗದದಲ್ಲಿ ಇರಬೇಕು. ಆಸ್ತಿಯನ್ನು ಸಂಸ್ಥೆಯ ಹೆಸರಿಗೆ ಬರೆದುಕೊಟ್ಟರೆ ಆಜೀವ ಆರೈಕೆ ಎಂಬ ಪ್ರಸ್ತಾವ ಬಂದರೆ ವಕೀಲರನ್ನು ಕಾಣದೆ ಸಹಿ ಹಾಕಬಾರದು.

ಕಾನೂನಿನ ಬಗೆಗೆ ನಮ್ಮಲ್ಲಿ ತಿಳಿವಳಿಕೆ ಕಡಿಮೆ. 2007ರ ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆಯು ಮಕ್ಕಳ ಮೇಲೆ ಮಾತ್ರವಲ್ಲ, ಮಕ್ಕಳಿಲ್ಲದ ಹಿರಿಯರ ಆಸ್ತಿಯನ್ನು ಅನುಭವಿಸುವ ಅಥವಾ ಮುಂದೆ ಪಡೆಯಲಿರುವ ಬಂಧುಗಳ ಮೇಲೂ ಪೋಷಣೆಯ ಹೊಣೆಯನ್ನು ಹೊರಿಸಿದೆ. ದೊಡ್ಡವ್ವನವರ ಹೊಲದ ಮೇಲೆ ಕಣ್ಣಿಟ್ಟಿದ್ದ ಕೆಲವರಿಗೆ ಈ ಕಲಮನ್ನು ಓದಿ ಹೇಳಿದಾಗ ಅವರು ಮಾತು ಬದಲಿಸಿದರು. ನೋಡಿಕೊಳ್ಳುವರೆಂಬ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದರೆ ಮರಳಿ ಪಡೆಯಲು ಅದರ 23ನೆಯ ಕಲಮು ಅವಕಾಶ ಕೊಡುತ್ತದೆ. ಷರತ್ತು ಪತ್ರದಲ್ಲಿಯೇ ನಮೂದಾಗಿದ್ದರೆ ಕ್ಷೇಮ. ದೂರನ್ನು ಉಪವಿಭಾಗಾಧಿಕಾರಿಗಳ ಕಚೇರಿಗೆ ಕೊಡಬಹುದು. ಹಿರಿಯರ ಸಹಾಯವಾಣಿ 14567. ಜಿಲ್ಲೆಗೆ ಒಂದಾದರೂ 150 ಜನ ನಿರ್ಗತಿಕ ಹಿರಿಯರಿಗೆ ಸಾಲುವ ವೃದ್ಧಾಶ್ರಮವಿರಬೇಕೆಂಬ ಆಶಯವೂ ಅದೇ ಕಾಯ್ದೆಯದು.

ಸರಕಾರದ ಮಾತಿರಲಿ, ನಮ್ಮ ಸಮಾಜದ ಮಾತೇನು? ಇದೇ ರಾಣೆಬೆನ್ನೂರು ತಾಲೂಕಿನ ಜೋಯಿಸರಹರಳಹಳ್ಳಿಯಲ್ಲಿ 1867ರಲ್ಲಿ ಜನಿಸಿದ ಹಾನಗಲ್ಲ ಕುಮಾರ ಸ್ವಾಮಿಗಳು 1904ರಲ್ಲಿ ಮಹಾಸಭೆಯನ್ನೂ 1909ರಲ್ಲಿ ಶಿವಯೋಗಮಂದಿರವನ್ನೂ ಕಟ್ಟಿದರು. ಅವರ ಕೃಪೆಯಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳಿಂದ ಗದುಗಿನ ವೀರೇಶ್ವರ ಪುಣ್ಯಾಶ್ರಮ ಬೆಳೆದು ಕಣ್ಣಿಲ್ಲದ ಎಷ್ಟೋ ಮಕ್ಕಳಿಗೆ ಮನೆಯಾಯಿತು. ಮನೆಯವರ ಕೈಯಲ್ಲಾಗದುದನ್ನು ಮಠ ಹೊತ್ತಿತು. ಅಂದು ಯಾರೂ ಅದನ್ನು ಅವಮಾನವೆನ್ನಲಿಲ್ಲ. ಊರೂರಿಗೆ ಎದ್ದ ಪ್ರಸಾದ ನಿಲಯಗಳಲ್ಲಿ ಉಂಡು ಓದಿದ ಮಕ್ಕಳೇ ಇಂದು ಬೆಂಗಳೂರು, ಪುಣೆ, ಅಮೆರಿಕಗಳಲ್ಲಿದ್ದಾರೆ; ಅವರ ತಾಯಿತಂದೆಗಳು ಇಲ್ಲಿ ಒಬ್ಬಂಟಿಗರಾಗಿದ್ದಾರೆ. ಎಳೆಯರಿಗಾಗಿ ಕಟ್ಟಿದಷ್ಟು ಮನಸ್ಸಿಟ್ಟು ಹಿರಿಯರಿಗಾಗಿ ನಾವು ಕಟ್ಟಿಲ್ಲವೆಂದೇ ನಮ್ಮ ಭಾವನೆ. ಮೂರು ಊರುಗಳಲ್ಲಿಯೂ ಕಲ್ಯಾಣ ಮಂಟಪಗಳಿಗೆ ಕೊರತೆಯಿಲ್ಲ. ಅವುಗಳಲ್ಲಿ ಒಂದರ ಖರ್ಚಿನಲ್ಲಿ ಬ್ಯಾಡಗಿಯ ಆ ತಾಯಿಯಂಥವರಿಗೆ, ಮೆಣಸಿನಕಾಯಿಯ ಗಾಳಿ ತಾಗದ ಜಾಗದಲ್ಲಿ, ಇಪ್ಪತ್ತು ಮಂಚದ ಮನೆಯೊಂದನ್ನು ಒದಗಿಸಬಹುದು.

ದೊಡ್ಡವ್ವನವರನ್ನು ರಾಣೆಬೆನ್ನೂರಿನ ಮನೆಯಲ್ಲಿ ಹದಿನೈದು ದಿನಗಳ ಮಟ್ಟಿಗೆ ಬಿಟ್ಟು ನೋಡಿದೆವು. ಸೇರದಿದ್ದರೆ ಕರೆತರುವೆವೆಂದು ಮಾತು ಕೊಟ್ಟಿದ್ದೆವು. ಮೊದಲ ಮೂರು ದಿನ ದೂರವಾಣಿಯಲ್ಲಿ ಮಾತನಾಡಲೇ ಇಲ್ಲ. ನಾಲ್ಕನೆಯ ದಿನ ಸಾರು ಸಪ್ಪೆಯೆಂದು ದೂರು ಬಂತು. ಏಳನೆಯ ದಿನ ಪಕ್ಕದ ಮಂಚದವರ ತವರು ತಮ್ಮ ಊರಿನ ಮಗ್ಗುಲ ಹಳ್ಳಿಯೆಂಬ ಸುದ್ದಿ ಬಂತು. ಹದಿನೈದನೆಯ ದಿನ ಹೋದಾಗ ಜಗುಲಿಯ ಮೇಲೆ ಕುಳಿತು ಬತ್ತಿ ಹೊಸೆಯುತ್ತಿದ್ದರು. ಹೊರಡೋಣವೇ ಎಂದು ಕೇಳಿದೆವು. "ಇನ್ನೊಂದ ತಿಂಗಳ ನೋಡ್ತೇನಿ. ಬರೂ ಮುಂದ ನನ್ನ ಸಣ್ಣ ತಂಬಿಗಿ ತರ್ರಿ, ಇಲ್ಲಿದು ಕೈಯಾಗ ನಿಲ್ಲಂಗಿಲ್ಲ" ಎಂದರು. ಮುಂದಿನ ಭಾನುವಾರ ತಂಬಿಗೆಯನ್ನು ಒಯ್ದು ಕೊಟ್ಟೆವು. ಅದರೊಂದಿಗೆ ಬ್ಯಾಡಗಿ ಮೆಣಸಿನಕಾಯಿಯ ಒಂದು ಡಬ್ಬಿ ಖಾರದಪುಡಿಯನ್ನೂ, ಆ ಸಾರಿನ ಸಲುವಾಗಿ, ಅಡಿಗೆಯವರ ಒಪ್ಪಿಗೆ ಪಡೆದು.